ಜಪಾನಿನ ಹೆಂಗಸಿಗೊಂದು ಅಳು

ಸುರಪುರದ ಮಗ್ಗುಲಿನ ರಂಗಂಪೇಟೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಕರೆ ಬರುತ್ತಿತ್ತು. ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳುವುದರಲ್ಲಿ ಆಕೆಯದು ಎತ್ತಿದ ಕೈ. ಹೋದವಳೇ ಮೊದಲು ಮನೆಯ ಹೆಂಗಸರನ್ನು ಕೇಳುತ್ತಿದ್ದಳು: ಏನು ಇಷ್ಟಪಟ್ಟು ಉಣ್ಣುತ್ತಿದ್ದರು, ಯಾರನ್ನು ಸಾಕಿದರು, ಯಾರ ಜೊತೆ ಜಗಳ. ಆಮೇಲೆಯೇ ಅಳು. ಗೊತ್ತಿಲ್ಲದವರಿಗೆ ಅತ್ತರೆ ಅದು ಬಯಲಾಟ ಎನ್ನುತ್ತಿದ್ದಳು.

ನಿಜಾಮನ ಆಳ್ವಿಕೆ ಮುಗಿದ ಮರುವರ್ಷ ನನ್ನ ಕಾಕಾ ಊರಿಗೆ ಬಂದ. ಫೌಜಿನಲ್ಲಿ ಅಡುಗೆಯವನಾಗಿ, ಯುದ್ಧದಲ್ಲಿ ಸೋತ ಜಪಾನಿನಲ್ಲಿ, ಬಾಂಬು ಬಿದ್ದ ಹಿರೋಶಿಮಾದ ಹತ್ತಿರ ಕೆಲವು ತಿಂಗಳು ಇದ್ದವನು. ನೋಡಲು ಬಂದವರೆಲ್ಲರದೂ ಒಂದೇ ಪ್ರಶ್ನೆ: ಬಾಂಬು ಎಷ್ಟು ದೊಡ್ಡದು? ಅಲ್ಲಿನ ಜನರ ಮಾತು ತೆಗೆದರೆ ಯಾರಿಗೂ ಬೇಡ.

"ಅಂಥಾದೊಂದು ನಮ್ಮ ಕೈಯಾಗ ಇದ್ದಿದ್ರ ರಜಾಕಾರರನ್ನ ಒಂದ ಮುಂಜಾನಿಗೆ ಮುಗಿಸಿಬಿಡ್ತಿದ್ವಿ ನೋಡ್ರಿ," ಎಂದ ಪಕ್ಕದ ಮನೆಯ ಮುದುಕ. ಎಲ್ಲರೂ ನಕ್ಕರು. ಹನ್ನೆರಡರ ಹುಡುಗಿ ನಾನೂ ನಕ್ಕೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು. ನಿಜಾಮನ ಪರವಾಗಿ ಊರೂರು ಸುಲಿದ ರಜಾಕಾರರು ಓಡಾಡಿದ್ದು ನಮ್ಮ ಓಣಿಗಳಲ್ಲೇ. ಬಾಂಬು ಬಿದ್ದಿದ್ದರೆ ನಾವು ಉಳಿಯುತ್ತಿದ್ದೆವೇ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತಿದ್ದ ಆಯಿಯ ಮುಂದೆ ಕಾಕಾ ಬಂದು ಕುಳಿತ.

"ಯವ್ವಾ, ಒಬ್ಬಾಕಿ ಸಲುವಾಗಿ ನೀ ಅಳಬೇಕು."

"ಯಾರು?"

"ಜಪಾನದಾಕಿ. ಕೈ ಸುಟ್ಟಿದ್ವು. ಬೆರಳು ಒಂದಕ್ಕೊಂದು ಅಂಟಿಬಿಟ್ಟಿದ್ವು."

"ಹೆಸರು?"

"ಗೊತ್ತಿಲ್ಲ."

"ಮಕ್ಕಳು?"

"ಗೊತ್ತಿಲ್ಲ."

ಆಯಿ ಮೊರ ಕೆಳಗಿಟ್ಟಳು. "ಮತ್ತೇನ್ ಗೊತ್ತದ ನಿನಗ?"

ಆಗ ಹೇಳಿದ. ಅವಳು ದಿನಾ ಅಡುಗೆಮನೆಯ ಹಿಂದೆ ಬಂದು, ಎರಡೂ ಅಂಗೈಗಳ ನಡುವೆ ತಗಡಿನ ಡಬ್ಬಿ ಒತ್ತಿ ಹಿಡಿದು ನಿಲ್ಲುತ್ತಿದ್ದಳಂತೆ. ಉಳಿದ ಅನ್ನ ಹೊರಗಿನವರಿಗೆ ಕೊಡಬಾರದೆಂದು ಹುಕುಂ ಇದ್ದರೂ ಇವನು ಕದ್ದು ಹಾಕುತ್ತಿದ್ದ. ಒಂದು ದಿನ ಮೇಲಿನ ಸಾಹೇಬ ಕಂಡುಬಿಟ್ಟ. ಅವನೆದುರಿಗೆ ಇವನು ಸೌಟು ಎತ್ತಿ ಅವಳನ್ನು ಗದರಿಸಿದ. ಡಬ್ಬಿ ಕೈಜಾರಿ ಬಿತ್ತು. ಎತ್ತಿಕೊಳ್ಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಇವನು ನೋಡುತ್ತ ನಿಂತ. ಮರುದಿನದಿಂದ ಅವಳು ಬರಲಿಲ್ಲ.

ಅಳಲು ಇಷ್ಟು ಸಾಕು ಎಂದುಕೊಂಡೆ ನಾನು. ಆಯಿ ಕಣ್ಣು ಕೂಡ ಒದ್ದೆ ಮಾಡಿಕೊಳ್ಳಲಿಲ್ಲ.

"ಆಕಿ ಸತ್ತಾಳಂತ ಯಾರು ಹೇಳಿದ್ರು?"

ಕಾಕಾ ನೆಲಕ್ಕೆ ಬಿದ್ದ ಜೋಳದ ಕಾಳು ಹೆಕ್ಕಿ ಮೊರಕ್ಕೆ ಹಾಕಿದ.

"ಹುಡುಕಿದ್ಯಾ?"

"ಇಲ್ಲ."

"ಬದುಕಿದ್ರೂ ಇದ್ದಾಳು, ಹ್ಯಾಂಗ ಅಳಲಿ? ನಿನ್ನ ಹೊಟ್ಟಿ ತಣ್ಣಗಾಗಲಂತ ಆಕಿನ್ನ ಸಾಯಿಸ್ತಿಯೇನು?"

ಎಂಥ ಕಲ್ಲುಮನಸ್ಸಿನ ಮುದುಕಿ ಎಂದು ನಾನು ಒಳಗೇ ಕುದಿದೆ. ಊರಿನವರಿಗೆ ಬಾಂಬಿನ ಚಿಂತೆ, ಇವಳಿಗೆ ತನ್ನ ನೇಮದ ಚಿಂತೆ.

ಕಾಕಾ ಆಯಿಯ ಸೆರಗು ಹಿಡಿದ. "ಹಂಗಾದ್ರ ಬದುಕ್ಯಾಳ ಅಂತಾದ್ರೂ ಹೇಳು, ಯವ್ವಾ. ಒಮ್ಮಿ ಹೇಳು."

ಹೂಂ ಅಂದಿದ್ದರೆ ಅವಳಪ್ಪನ ಗಂಟೇನು ಹೋಗುತ್ತಿತ್ತು! ಆಯಿ ಮಗನ ಮುಖ ನೋಡಿದಳು, ಬಾಯಿ ತೆರೆದಳು. ಅವಳಿಂದ ಅದನ್ನೂ ಹೇಳಲಾಗಲಿಲ್ಲ.