ಮಾನವ್ವನಿಗೆ ಓಗೊಟ್ಟ ಆಚಾರ್ಯರು

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ನಾಡಿ ನೋಡುವ ವೈದ್ಯರಿಗೆ ಎಂದೂ ಬರವಿರಲಿಲ್ಲ. ಆದರೆ ನಾಡಿ ಹಿಡಿದ ಬೆರಳಿನ ಕೆಳಗೆ ಚರ್ಮವೆಷ್ಟು, ನರವೆಲ್ಲಿ, ಎಲುಬು ಯಾವುದು ಎಂದು ಹಳ್ಳಿಯ ಹುಡುಗರನ್ನು ಕೂಡಿಸಿಕೊಂಡು ಕ್ರಮವಾಗಿ ಕಲಿಸಿದವರು ನನಗೆ ತಿಳಿದಂತೆ ಒಬ್ಬರೇ. ಈ ವರ್ಷ ನಮ್ಮ ಆಯುರ್ವೇದ ವಿದ್ಯಾಲಯದ ಸೇವೆಯಿಂದ ನಿವೃತ್ತರಾಗುತ್ತಿರುವ ಪೂಜ್ಯ ನರಸಿಂಹಾಚಾರ್ಯರು ಅವರು. ಅವರ ಪಾಂಡಿತ್ಯವನ್ನು ಕುರಿತು ಈ ಗೌರವ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ಅವರಿಂದಾಗಿ ಒಂದು ವರ್ಷ ಕಳೆದುಕೊಂಡ ಶಿಷ್ಯನಾಗಿ ನಾನು ಬರೆಯುತ್ತಿದ್ದೇನೆ.

ನಾನು ಜಕ್ಕಲಿಯಿಂದ ಗಜೇಂದ್ರಗಡಕ್ಕೆ ಬಂದದ್ದು ಐವತ್ತೆರಡರಲ್ಲಿ. ಕೋಟೆಯ ಗುಡ್ಡದ ಕೆಳಗೆ, ಮೊದಲು ಹತ್ತಿ ತುಂಬುತ್ತಿದ್ದ ಒಂದು ಉಗ್ರಾಣವೇ ನಮ್ಮ ವಿದ್ಯಾಲಯ. ಪಕ್ಕದ ಓಣಿಯ ಮಗ್ಗಗಳ ಸದ್ದು ಪಾಠದ ನಡುವೆ ನಿಲ್ಲುತ್ತಿರಲಿಲ್ಲ. ಶರೀರಶಾಸ್ತ್ರ ಕಲಿಸಲು ಅಸ್ಥಿಪಂಜರವಿಲ್ಲ, ಚಿತ್ರಪಟಗಳನ್ನು ಇಲಿ ತಿಂದಿತ್ತು. ಆಚಾರ್ಯರು ಕುಂಬಾರರಿಂದ ಹಸಿಮಣ್ಣಿನ ಹೃದಯ ಮಾಡಿಸಿದರು. ಸ್ನಾಯುಗಳನ್ನು ಕಲಿಸಲು ಗರಡಿಮನೆಯ ಪೈಲವಾನ ಹೊಳಿಯಪ್ಪನನ್ನು ಕರೆತಂದು, ಅವನ ಬೆನ್ನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. ಊರಿನ ಕುಸ್ತಿಯಲ್ಲಿ ಯಾರಿಗೂ ಮಣಿಯದ ಹೊಳಿಯಪ್ಪ ಸುಣ್ಣದ ತುಂಡಿಗೆ ಕಚಗುಳಿಯಾಗಿ ನೆಲಕ್ಕೆ ಕೂತುಬಿಡುತ್ತಿದ್ದ. ಎಷ್ಟು ನಕ್ಕರೂ ಪೈಲವಾನನ ಹೊರಗನ್ನು ನೋಡಬಹುದೇ ಹೊರತು ಒಳಗನ್ನಲ್ಲ. ಶವಚ್ಛೇದನ ನಡೆಯದ ವಿದ್ಯಾಲಯಕ್ಕೆ ಮಾನ್ಯತೆ ಇಲ್ಲವೆಂದು ಮೇಲಿನವರು ಖಡಾಖಂಡಿತವಾಗಿ ತಿಳಿಸಿದ್ದರು. ಆಡಳಿತ ಮಂಡಳಿಯವರು ಒಂದು ದೊಡ್ಡ ತಗಡಿನ ತೊಟ್ಟಿ ಮಾಡಿಸಿ, ಹೆಣ ಕೆಡದಂತಿಡುವ ಔಷಧಿಯ ನೀರು ತರಿಸಿ, ಶವಕ್ಕಾಗಿ ಕಾಯುತ್ತ ಕುಳಿತರು.

ಆ ತೊಟ್ಟಿಯನ್ನು ತಿಕ್ಕಿ ತೊಳೆಯುತ್ತಿದ್ದವಳು ಮಾನವ್ವ. ಹೊಳೆ ಉಕ್ಕಿ ಬಂದ ವರ್ಷ ಮೆಣಸಗಿಯಲ್ಲಿ ಮನೆ, ಮಂದಿ ಎರಡನ್ನೂ ಕಳೆದುಕೊಂಡು ಬಂದ ಮುದುಕಿ. ವಿದ್ಯಾಲಯದಲ್ಲಿ ಕಸ ಗುಡಿಸಿ, ನೀರು ತಂದು, ದವಾಖಾನೆಗೆ ಬೇಕಾದ ಬೇರು ತೊಗಟೆ ಕುಟ್ಟಿಕೊಡುತ್ತಿದ್ದಳು. ನಮ್ಮನ್ನೂ ಆಚಾರ್ಯರನ್ನೂ ಭೇದವಿಲ್ಲದೆ, ಹೆತ್ತ ಮಕ್ಕಳನ್ನು ಕರೆದಂತೆ, "ಯಪ್ಪಾ" ಎಂದೇ ಕರೆಯುತ್ತಿದ್ದಳು. ತೊಟ್ಟಿ ಯಾತಕ್ಕೆಂದು ಗೊತ್ತಾದ ದಿನ ತನ್ನನ್ನೂ ಇದರಲ್ಲೇ ಇಡುತ್ತೀರೇನು ಎಂದು ಕೇಳಿದಳು. ನಾವು ನಕ್ಕೆವು. ಆಚಾರ್ಯರು ನಗಲಿಲ್ಲ. ನಿನ್ನನ್ನು ಮಣ್ಣು ಮಾಡುತ್ತೇವೆ, ಅಂಜಬೇಡ ಎಂದರು.

ಐವತ್ನಾಲ್ಕರ ಬೇಸಿಗೆಯಲ್ಲಿ ಮಾನವ್ವ ಜ್ವರ ಬಂದು ನಮ್ಮ ದವಾಖಾನೆಯಲ್ಲೇ ತೀರಿಕೊಂಡಳು. ಮರುವಾರ ಮಾನ್ಯತೆಯ ತಪಾಸಣೆಗೆ ಬರುವವರಿದ್ದರು. ವಾರಸುದಾರರಿಲ್ಲದ ಶವವನ್ನು ವಿದ್ಯಾಲಯಕ್ಕೆ ಕೊಡಲು ಕಾಯಿದೆಯಲ್ಲಿ ಅವಕಾಶವಿತ್ತು. ಮಂಡಳಿಯ ಅಧ್ಯಕ್ಷರು ದೇವರೇ ಕಣ್ಣು ತೆರೆದನೆಂದರು. ಸುಳ್ಳೇಕೆ ಹೇಳಲಿ, ನಮ್ಮೊಳಗೂ ಹಾಗೆಂದುಕೊಂಡವರೇ ಹೆಚ್ಚು. ಫೌಜದಾರರು ಪಂಚನಾಮೆಗೆ ಬಂದು ವಾರಸುದಾರರು ಯಾರೆಂದು ಕೇಳಿದಾಗ, ಅಧ್ಯಕ್ಷರು ಯಾರೂ ಇಲ್ಲ, ಬೇವಾರಸಿ ಎಂದು ಬರೆಸಲು ಹೊರಟರು.

ಬಾಗಿಲಲ್ಲಿ ನಿಂತಿದ್ದ ಆಚಾರ್ಯರು ಒಳಗೆ ಬಂದರು. "ಬೇವಾರಸಿ ಅಲ್ರಿ. ನಾ ಅದೇನಿ. ಮಗ ಅಂತ ಬರಕೋರಿ."

ಫೌಜದಾರರು ಲೇಖನಿ ಕೆಳಗಿಟ್ಟರು. ಜುಟ್ಟು, ಗೋಪೀಚಂದನದ ಮುದ್ರೆ, ಹೊದ್ದ ಧೋತರ ಎಲ್ಲವನ್ನೂ ಒಮ್ಮೆ ನೋಡಿ, "ಆಚಾರ್ಯರ, ನೀವು ಆಕಿ ಮಗ ಅಂದ್ರ ಮಂದಿ ಏನಂದಾರ್ರಿ?" ಎಂದರು.

"ಎರಡ ವರ್ಷದಿಂದ ಆಕಿ ನನಗ ಯಪ್ಪಾ ಅಂತ ಕರದಾಳ. ಆವಾಗೆಲ್ಲ ಓ ಅಂದೇನಿ. ಈಗ ಅಲ್ಲ ಅಂದ್ರ ಹ್ಯಾಂಗ್ರಿ?"

ಅಂದು ಸಂಜೆ ಮಾನವ್ವನನ್ನು ನಾವೇ ಹೊತ್ತು ಒಯ್ದೆವು. ಹೂಳುವ ರೂಢಿಯಿಲ್ಲದ ಮನೆತನದ ಆಚಾರ್ಯರು ಮಣ್ಣು ಹಾಕುವ ಕ್ರಮವನ್ನು ಹೊಳಿಯಪ್ಪನನ್ನು ಕೇಳಿ ಕೇಳಿ ಮಾಡಿದರು. ಅವರ ಧರ್ಮಪತ್ನಿ ಶಾರದಾಬಾಯಿಯವರು, ನಿಮ್ಮ ಅವ್ವನೆಂದಮೇಲೆ ನನಗೆ ಅತ್ತೆಯಲ್ಲವೇ ಎಂದು ಕೇಳಿ, ಸೂತಕ ಕಳೆಯುವವರೆಗೂ ದೇವರ ಮನೆಯ ಬಾಗಿಲು ತೆರೆಯಲಿಲ್ಲವಂತೆ. ಊರ ಬಾಯಿಗೆ ಬೀಗ ಹಾಕುವವರಾರು? ಕೆಲವು ಮನೆಗಳವರು ಆಚಾರ್ಯರನ್ನು ಶ್ರಾದ್ಧದೂಟಕ್ಕೆ ಕರೆಯುವುದನ್ನು ಬಿಟ್ಟರು. ಅವರು ಮಾತ್ರ, ಈಗ ಅಜೀರ್ಣಕ್ಕೆ ಔಷಧಿ ಬೇಕಾಗಿಲ್ಲ ಎಂದು ತಮಾಷೆ ಮಾಡುತ್ತಿದ್ದರು.

ತಪಾಸಣೆಯವರು ಒಣಗಿದ ತೊಟ್ಟಿಯನ್ನು ನೋಡಿಕೊಂಡು ಹೋದರು. ನಮ್ಮ ವರ್ಗಕ್ಕೆ ಮಾನ್ಯತೆ ಸಿಗಲಿಲ್ಲ, ನಮ್ಮದೊಂದು ವರ್ಷ ಹೋಯಿತು. ವಿಭಾಗದ ಮುಖ್ಯಸ್ಥರ ಸ್ಥಾನದಿಂದ ಆಚಾರ್ಯರನ್ನು ಇಳಿಸಲಾಯಿತು. ಸತ್ತವಳ ಮಾನ ಕಾಯಲು ಹೋಗಿ ಇದ್ದವರ ಬಾಳು ಹಾಳು ಮಾಡಿದರೆಂದು ನಮ್ಮ ತಂದೆ ಜಕ್ಕಲಿಯಿಂದ ಬಂದು ಕೂಗಾಡಿದರು. ನಿಮ್ಮ ತಂದೆಯ ಮಾತಿನಲ್ಲಿ ಸುಳ್ಳಿಲ್ಲವೆಂದು ಆಚಾರ್ಯರು ನನಗೆ ಹೇಳಿದರು. ಆಮೇಲೆ ದೂರದ ಊರಿನ ದೊಡ್ಡ ಕಾಲೇಜಿಗೆ ಹೋಗಿ, ತಮಗಿಂತ ಕಿರಿಯರಾದ ಅಲ್ಲಿನ ಪ್ರಾಂಶುಪಾಲರ ಮುಂದೆ ಕೈಮುಗಿದು ನಿಂತು, ನಮಗೆಲ್ಲ ಶವಚ್ಛೇದನ ಕಲಿಯಲು ಜಾಗ ಕೊಡಿಸಿ, ತಾವೇ ಕರೆದುಕೊಂಡು ಹೋದರು.

ಅಲ್ಲಿ ಮೇಜಿನ ಮೇಲಿದ್ದವನು ಹೆಸರು ಗೊತ್ತಿಲ್ಲದ ಒಬ್ಬ ನಡುವಯಸ್ಸಿನವ. ನನ್ನ ಸಹಪಾಠಿ ಮೆಹಬೂಬಸುಭಾನಿ ಯಾವುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳುವವನಲ್ಲ. "ಮಾಸ್ತರ, ಇವನ್ನೂ ಯಾರೋ ಯಪ್ಪಾ ಅಂತ ಕರದಿರಬೇಕಲ್ರಿ?" ಎಂದು ಕೇಳಿಬಿಟ್ಟ.

"ಖರೇ. ಇವನ್ನ ಕೇಳದ ತಗೊಂಡೇವಿ. ಕಲಿಯೂದು ಬಿಡಾಕಾಗೂದಿಲ್ಲ, ಇದು ಸರಿ ಅನ್ನಾಕೂ ಆಗೂದಿಲ್ಲ" ಎಂದ ಆಚಾರ್ಯರು ಆ ಅಪರಿಚಿತನ ಕಾಲು ಮುಟ್ಟಿ ನಮಸ್ಕರಿಸಿ, ಚೂರಿಯನ್ನು ನನ್ನ ಕೈಗೆ ಕೊಟ್ಟರು. ಗುರುವೊಬ್ಬರು ಉತ್ತರ ಗೊತ್ತಿಲ್ಲವೆಂದು ಶಿಷ್ಯರ ಮುಂದೆ ಒಪ್ಪಿಕೊಂಡುದನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಸಿಟ್ಟು ಇಳಿದದ್ದೂ ಅಂದೇ.

ಮುಂದೆ ನಮ್ಮ ವಿದ್ಯಾಲಯಕ್ಕೂ ಮಾನ್ಯತೆ ಬಂತು. ಎರಡು ವರ್ಷಗಳಿಂದ ನಾನು ಅಲ್ಲಿಯೇ ಆಚಾರ್ಯರ ಕೈಕೆಳಗೆ ಶರೀರಶಾಸ್ತ್ರ ಕಲಿಸುತ್ತಿದ್ದೇನೆ, ಇನ್ನು ಅವರ ಸ್ಥಾನದಲ್ಲಿ ನಿಲ್ಲಬೇಕು. ಈ ಸಂಪುಟದ ವಿಷಯ ತಿಳಿಸಲು ಹೋದಾಗ, ಗೌರವವೆಲ್ಲ ಆಮೇಲೆ, ಮೊದಲು ಇದನ್ನು ಕೇಳು ಎಂದು ಕೂಡಿಸಿಕೊಂಡರು. ತಮ್ಮ ಕಾಲಾನಂತರ ತಮ್ಮ ದೇಹವನ್ನು ಸುಡದೆ ವಿದ್ಯಾರ್ಥಿಗಳ ಮೇಜಿಗೆ ಕೊಡಬೇಕೆಂದು ನಿಶ್ಚಯಿಸಿದ್ದಾರೆ. ನಾನು ಶಾರದಾಬಾಯಿಯವರ ಮುಖ ನೋಡಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ವರ್ಷಗಟ್ಟಲೆ ಜಗಳಾಡೇನಿ, ಈಗ ಒಪ್ಪೇನಿ. ಇವರನ್ನ ಕೇಳಿ ತಗೊಂಡಂಗಾತು ನೋಡು, ಕಳಕಪ್ಪಾ" ಎಂದರು.

ಶಿಷ್ಯರು ಗುರುಗಳಿಗೆ ದೀರ್ಘಾಯುಷ್ಯ ಕೋರುವುದು ವಾಡಿಕೆ. ನನ್ನ ಕೋರಿಕೆಯಲ್ಲಿ ಸ್ವಾರ್ಥವಿದೆ. ನನಗಿನ್ನೂ ಮೂವತ್ತು ವರ್ಷಗಳ ಸೇವೆಯಿದೆ. ಅಷ್ಟೂ ವರ್ಷ ಆಚಾರ್ಯರು ಗಟ್ಟಿಮುಟ್ಟಾಗಿದ್ದು, ರೋಗಿಗಳನ್ನು ನೋಡುತ್ತ, ನನ್ನ ಪಾಠದ ತಪ್ಪುಗಳನ್ನು ಹುಡುಕುತ್ತ ಬಾಳಲಿ. ನಾನು ನಿವೃತ್ತನಾಗಿ ಮನೆ ಸೇರಿದ ಮೇಲೂ ಬಾಳಲಿ. ಆ ಚೂರಿ ಹಿಡಿಯುವ ಕೈ ನನ್ನದಾಗದಿರಲಿ.