ಬಲೆಯ ಕೆಸರು ಹೇಳಿದ ವಿಳಾಸ

ಬೆಳಗಿನ ಐದೂಕಾಲು. ಸ್ಟೋನಿಂಗ್ಟನ್ ಬಂದರಿನಲ್ಲಿ ಬೋಟು ಕಟ್ಟುವ ಧಕ್ಕೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಗಿಲ್ ಅರುಡಾನ ಬೋಟಿನಿಂದ ಇಳಿಸಿದ ಹರಿದ ಬಲೆಯ ರಾಶಿಯ ಮುಂದೆ ಒಲಿಂಡಾ ಫುರ್ಟಾಡೊ ಮೀನಿನ ಬುಟ್ಟಿಯೊಂದನ್ನು ಬೋರಲು ಹಾಕಿಕೊಂಡು ಕೂತಿದ್ದಾರೆ. ಆದರೆ ಸೂಜಿಗೆ ಕೈ ಹಾಕುತ್ತಿಲ್ಲ. ಹರಿದ ಅಂಚಿಗೆ ಮೆತ್ತಿದ ಕೆಸರನ್ನು ಎರಡು ಬೆರಳಿನ ನಡುವೆ ಉಜ್ಜುತ್ತಾರೆ, ಮೂಗಿನ ಹತ್ತಿರ ಹಿಡಿಯುತ್ತಾರೆ, ಹಳೆಯ ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ.

"ಇದು ಅಲ್ಲೀದಲ್ಲ," ಎನ್ನುತ್ತಾರೆ ನನ್ನ ಕಡೆ ತಿರುಗಿ. "ಬಂಡೆಗೆ ತಾಗ್ಸಿದಾನೆ, ದಡ್ಡ."

"ಬಂಡೆ ಎಲ್ಲಿಂದ ಬಂತು ಟಿಯಾ? ನಾನು ಬಲೆ ಎಳೆದಿದ್ದು ಬರೀ ಮರಳಿನ ಮೇಲೆ," ಎಂದು ಗಿಲ್ ಬೋಟಿನಿಂದಲೇ ಕೂಗುತ್ತಾನೆ.

"ಹೌದಪ್ಪ, ಮರಳಿಗೆ ಹಲ್ಲು ಬಂದು ಕಚ್ಚಿರಬೇಕು."

ಗಿಲ್ ಹಗ್ಗ ಸುತ್ತತೊಡಗುತ್ತಾನೆ. ಅವನಿಗೂ ಐವತ್ತೆಂಟು ವಯಸ್ಸು, ಸ್ವಂತ ಬೋಟು ನಡೆಸುವ ತಾಂಡೇಲ. ಆದರೂ ಅರವತ್ತೆಂಟರ ಒಲಿಂಡಾ ಅವನಿಗೆ ಟಿಯಾ, ಅಂದರೆ ಚಿಕ್ಕಮ್ಮ. ಪೋರ್ಚುಗೀಸ್ ಮನೆತನಗಳೇ ತುಂಬಿರುವ ಈ ಬಂದರಿನಲ್ಲಿ ಎಲ್ಲರಿಗೂ ಅವರು ಟಿಯಾ.

ಬಲೆ ಹೆಣೆಯುವುದನ್ನು ಒಲಿಂಡಾ ಕಲಿತದ್ದು ಅಡುಗೆಮನೆಯಲ್ಲಿ. ಪೋರ್ಚುಗೀಸರ ಅಜೋರಿಸ್ ದ್ವೀಪಗಳಿಂದ ಬಂದ ತಾಯಿ ಬಾಗಿಲ ಚಿಲಕಕ್ಕೆ ಹುರಿ ಕಟ್ಟಿ ಕೈಗೆ ಸೂಜಿ ಕೊಟ್ಟಾಗ ಇವರಿಗೆ ಒಂಬತ್ತು ವರ್ಷ. ಧಕ್ಕೆಯಲ್ಲಿ ಕೂತು ದುಡಿಯಲು ಆರಂಭಿಸಿ ನಲವತ್ತೊಂದು ವರ್ಷವಾಯಿತು. ಆಗ ಇಲ್ಲಿ ನಲವತ್ತು ಬೋಟುಗಳಿದ್ದವು, ಈಗ ಹನ್ನೆರಡು. ಬೆಳಕು ಹರಿಯುವ ಮೊದಲೇ ಎರಡು ಡಜನ್ ಸೂಜಿಗಳಿಗೆ ಹುರಿ ತುಂಬಿಟ್ಟುಕೊಳ್ಳುತ್ತಾರೆ. ದಿನಕ್ಕೆ ಬಲೆಯ ಮುನ್ನೂರೈವತ್ತು ಕಣ್ಣು ಹೆಣೆಯುತ್ತಾರೆ, ಕೆಲವೊಮ್ಮೆ ನಾನೂರು. ಜನವರಿಯಲ್ಲಿ ಪಕ್ಕದಲ್ಲಿ ಬಿಸಿನೀರಿನ ಬಕೆಟ್ ಇಟ್ಟುಕೊಂಡು ಹತ್ತು ನಿಮಿಷಕ್ಕೊಮ್ಮೆ ಕೈ ಅದ್ದದಿದ್ದರೆ ಕೆಲಸ ಸಾಗುವುದಿಲ್ಲ. ಬಲಗೈಯ ಎರಡು ಬೆರಳು ಈಗ ನೆಟ್ಟಗಾಗುವುದೇ ಇಲ್ಲ. ಕೇಳಿದರೆ, "ಸೂಜಿ ಹಿಡಿಯೋಕೆ ಬಗ್ಗಿರೋ ಬೆರಳೇ ಬೇಕು, ನೆಟ್ಟಗಿದ್ರೆ ಯಾರಿಗೆ ತೋರಿಸ್ಲಿ?" ಎನ್ನುತ್ತಾರೆ.

ಇಷ್ಟೆಲ್ಲ ಇದ್ದರೂ ಒಲಿಂಡಾ ಅಲೆತಡೆ ಗೋಡೆಯಿಂದಾಚೆ ಹೋದವರಲ್ಲ. ದೋಣಿ ಹತ್ತಿದರೆ ವಾಂತಿ. ಇಪ್ಪತ್ತಾರು ವರ್ಷದಿಂದ ಇದೇ ಊರಿನಲ್ಲಿರುವ ನಾನು ಇದನ್ನು ಹೇಳಿ ನಗುವವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಯಾರಿಗೂ ಗೊತ್ತಿಲ್ಲದ ಸಮುದ್ರದ ತಳ ಈ ಹೆಂಗಸಿಗೆ ಗೊತ್ತಿತ್ತು.

ಅದು ಹೇಗೆಂದರೆ, ತಳದಲ್ಲಿ ಬಲೆ ಸಿಕ್ಕಿಕೊಳ್ಳುವ ಜಾಗಕ್ಕೆ ನಮ್ಮವರು ಸಿಕ್ಕು ಎನ್ನುತ್ತಾರೆ. ಸಿಕ್ಕಿನ ಸುತ್ತ ಮೀನು ಹೆಚ್ಚು. ಹಾಗಾಗಿ ಯಾವ ತಾಂಡೇಲನೂ ತನ್ನ ಸಿಕ್ಕಿನ ಗುಟ್ಟು ಬಿಡುವುದಿಲ್ಲ, ಒಡಹುಟ್ಟಿದವರಿಗೂ ಹೇಳುವುದಿಲ್ಲ. ಬಲೆ ಎಲ್ಲಿ ಹರಿಯಿತು ಎಂದರೆ ತಪ್ಪು ದಿಕ್ಕು ತೋರಿಸುವುದು ಇಲ್ಲಿಯ ಮರ್ಯಾದೆ. ಒಲಿಂಡಾ ಬಾಯಿಮಾತು ನಂಬುವುದನ್ನು ಎಂದೋ ಬಿಟ್ಟಿದ್ದಾರೆ. ಬಂಡೆಗೆ ಹರಿದ ಹುರಿ ಪೊರಕೆಯ ಹಾಗೆ ಕೆದರುತ್ತದೆ, ಮರಕ್ಕೆ ಹರಿದರೆ ಸಿಬಿರು ಉಳಿಯುತ್ತದೆ, ಕಬ್ಬಿಣ ನೇರವಾಗಿ ಕೊಯ್ದು ಕಂದು ಕಲೆ ಬಿಡುತ್ತದೆ. ಅವರು ಹರಿದ ಅಂಚಿನಿಂದ ಗೇಣುದ್ದ ಹುರಿ ಕತ್ತರಿಸಿ, ಬೋಟಿನ ಹೆಸರು ಮತ್ತು ತಾರೀಕಿನ ಚೀಟಿ ಕಟ್ಟಿ, ಧಕ್ಕೆಯ ಪಕ್ಕದ ತಮ್ಮ ಶೆಡ್ಡಿನ ಗೋಡೆಯ ಮೊಳೆಗೆ ನೇತುಹಾಕುತ್ತಾರೆ. ಹುರಿಯ ದಪ್ಪ ಹೊಂದಿಸಲು ತಾಯಿ ಕಲಿಸಿದ ರೂಢಿ ಅದು.

ಮೂರು ವರ್ಷದ ಹಿಂದಿನ ಜೂನ್‌ನಲ್ಲಿ ಈ ಶೆಡ್ಡಿನ ಬಾಗಿಲಿಗೆ ಗ್ಲೆನಿಸ್ ಪ್ರಾಥರ್ ಬಂದು ನಿಂತರು. ಇಂಡಿಯಾನಾದಿಂದ ಪ್ರತಿ ಜೂನ್‌ನಲ್ಲಿ ಬಸ್ಸಿನಲ್ಲಿ ಬರುವ, ಎಂಬತ್ತರ ಹತ್ತಿರದ ಹೆಂಗಸು. ಅವರ ತಂದೆ ಆರ್-41 ಎಂಬ ಜಲಾಂತರ್ಗಾಮಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. 1943ರ ಒಂದು ಬೆಳಿಗ್ಗೆ, ಶತ್ರುವಿನ ಸುಳಿವೇ ಇಲ್ಲದ ನಮ್ಮದೇ ನೀರಿನಲ್ಲಿ, ಹೊಸಬರಿಗೆ ಮುಳುಗಿ ಏಳುವುದನ್ನು ಕಲಿಸಲು ಹೋದ ಹಳೆಯ ದೋಣಿ ಅದು. ಮುಳುಗಿತು, ಏಳಲಿಲ್ಲ. ನಲವತ್ತನಾಲ್ಕು ಜನ, ಅರ್ಧದಷ್ಟು ಮಂದಿ ಮೂರು ವಾರದ ಹಿಂದಷ್ಟೇ ತರಬೇತಿಗೆ ಸೇರಿದವರು. ಗ್ಲೆನಿಸ್ ಹುಟ್ಟಿದ್ದು ಅದಾದ ಐದು ತಿಂಗಳಿಗೆ. ಕೊನೆಯ ರೇಡಿಯೊ ಮಾತು ಬಂದ ಜಾಗವನ್ನೇ ನಕ್ಷೆಯಲ್ಲಿ ಗುರುತು ಹಾಕಿಕೊಂಡು ಗ್ಲೆನಿಸ್‌ರ ತಾಯಿ ಮತ್ತು ಮಡಿದ ಇತರರ ಮನೆಯವರು ಪ್ರತಿವರ್ಷ ಅಲ್ಲಿ ಹೂವಿನ ಚಕ್ರ ಬಿಡುತ್ತಿದ್ದರು. ತಾಯಿ ತೀರಿದ ಮೇಲೆ ಗ್ಲೆನಿಸ್ ಒಂದು ವರ್ಷವೂ ತಪ್ಪಿಸಿರಲಿಲ್ಲ.

ಅಂದು ಅವರು ಬಂದದ್ದು ಬರೀ ಕುರ್ಚಿ ಕೇಳಲು. ಮಂಡಿ ನೋವು. ಒಲಿಂಡಾ ಕಾಫಿ ಕೊಟ್ಟು, ಸಿಹಿ ಬ್ರೆಡ್ ಕತ್ತರಿಸಿಟ್ಟು, ಹೂವು ಬಿಟ್ಟ ಜಾಗ ಯಾವುದೆಂದು ವಿಚಾರಿಸಿದರು. ಗ್ಲೆನಿಸ್ ಕಾಗದ ತೋರಿಸಿದರು. ಒಲಿಂಡಾ ಅದನ್ನು ಎರಡು ಸಲ ಓದಿದರು.

"ಅಲ್ಲಿಂದ ನನಗೆ ಒಂದು ಹರಿದ ಬಲೆಯೂ ಬಂದಿಲ್ವಲ್ಲ," ಎಂದು ಅವರು ಈಗಲೂ ಅದೇ ಅಚ್ಚರಿಯಿಂದ ಹೇಳುತ್ತಾರೆ. "ಅದು ಬರೀ ಮರಳು, ಎಲ್ಲರೂ ಬಲೆ ಎಳೀತಾರೆ. ಬೀದಿಯಷ್ಟುದ್ದ ಕಬ್ಬಿಣ ಮಲಗಿದ್ರೆ ನಲವತ್ತು ವರ್ಷದಲ್ಲಿ ಒಂದಾದ್ರೂ ಬಲೆ ಹರೀಬೇಡ್ವಾ? ಆಯಮ್ಮನಿಗೆ ಹೇಳೋದೋ ಬೇಡ್ವೋ ಅಂತ ಮತ್ತೆರಡು ತುಂಡು ಬ್ರೆಡ್ ಕತ್ತರಿಸ್ದೆ. ಕೊನೆಗೆ ಹೇಳ್ದೆ."

ಗ್ಲೆನಿಸ್ ಕಾಗದ ಮಡಚಿ ಚೀಲಕ್ಕೆ ಹಾಕಿದರು. ಆಮೇಲೆ ಒಂದೇ ಮಾತು ಕೇಳಿದರಂತೆ: "ಹಾಗಾದ್ರೆ ಎಲ್ಲಿದಾರೆ? ನನಗೆ ಇನ್ನು ಜಾಸ್ತಿ ಜೂನ್‌ಗಳಿಲ್ಲ."

ಆ ವಾರ ಒಲಿಂಡಾ ಗೋಡೆಯ ಹುರಿಗಳನ್ನೆಲ್ಲ ಇಳಿಸಿ ನೋಡಿದರು. ಏಳು ತುಂಡುಗಳು ಬೇರೆಯಾಗಿ ಎದ್ದು ಕಂಡವು. ಏಳರಲ್ಲೂ ನೇರ ಕೊಯ್ತ, ಕಂದು ಕಲೆ, ಗಂಟಿನೊಳಗೆ ಒಣಗಿದ ನೀಲಿ ಬೂದಿ ಬಣ್ಣದ ಕೆಸರು. ನಾಲ್ಕು ಗಿಲ್‌ನವು, ಮೂರು ಅವನ ಭಾವ ನಾರ್ಬರ್ಟ್ ಕಬ್ರಾಲ್‌ನವು. ಇಬ್ಬರೂ ಸೇರಿ ಏಳು ಸಲಕ್ಕೂ ಏಳು ಬೇರೆ ಬೇರೆ ಜಾಗ ಹೇಳಿದ್ದರು.

ಇಬ್ಬರನ್ನೂ ಒಂದೇ ಬೆಳಿಗ್ಗೆ ಶೆಡ್ಡಿಗೆ ಕರೆಸಿದರು. ಸೂಜಿಗಳನ್ನೆಲ್ಲ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿ ಅದರ ಮೇಲೆ ಕೂತರು. ನಿಜ ಹೇಳುವವರೆಗೆ ಯಾರ ಬಲೆಯನ್ನೂ ಮುಟ್ಟುವುದಿಲ್ಲ ಎಂದರು.

"ಇವನ ಎದುರಿಗಾ? ಆಗಲ್ಲ ಟಿಯಾ," ಎಂದ ನಾರ್ಬರ್ಟ್. "ನಾಳೆಯೇ ಅಲ್ಲಿ ಬಲೆ ಬಿಟ್ಟಿರ್ತಾನೆ."

"ನಿನ್ನ ಕೊಳಕು ಸಿಕ್ಕು ಯಾರಿಗೆ ಬೇಕು ಭಾವ? ನಂದು ನನಗಿದೆ," ಎಂದ ಗಿಲ್.

ಒಲಿಂಡಾ ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟರು. ಒಬ್ಬರಿಗೊಬ್ಬರು ಬೆನ್ನು ಹಾಕಿ, ಪರೀಕ್ಷೆ ಬರೆಯುವ ಮಕ್ಕಳ ಹಾಗೆ ಕೈ ಅಡ್ಡ ಹಿಡಿದು, ಅಕ್ಷಾಂಶ ರೇಖಾಂಶ ಬರೆದರು. ಚೀಟಿ ಬಿಚ್ಚಿದರೆ ಎರಡರಲ್ಲೂ ಒಂದೇ ಅಂಕಿ. ಹತ್ತೊಂಬತ್ತು ವರ್ಷದಿಂದ ಭಾವ ಭಾವಮೈದ ಇಬ್ಬರೂ ಒಂದೇ ಸಿಕ್ಕಿನ ಮೀನು ತಿಂದು, ಭಾನುವಾರ ಒಂದೇ ಮೇಜಿನಲ್ಲಿ ಕೂತು ಸುಳ್ಳು ಹೇಳಿಕೊಂಡಿದ್ದರು.

"ಅದರಲ್ಲಿ ಜನ ಮಲಗಿದಾರೆ ಕಣ್ರೋ," ಎಂದರು ಒಲಿಂಡಾ. ಇಬ್ಬರೂ ಟೋಪಿ ತೆಗೆದರು.

ಆ ಅಂಕಿಯ ಜಾಗ ಹಳೆಯ ಗುರುತಿಗಿಂತ ಒಂಬತ್ತು ಮೈಲಿ ಆಚೆ. ಕೊನೆಯ ರೇಡಿಯೊ ಮಾತಿನ ನಂತರ ಜಲಾಂತರ್ಗಾಮಿ ನೀರಡಿಯಲ್ಲಿ ಅಷ್ಟು ದೂರ ಸಾಗಿತ್ತು. ಕಾಗದ ಪತ್ರ ಓಡಾಡಿಸಿ, ತಳವನ್ನು ಶಬ್ದದಿಂದ ಅಳೆಯುವ ಸಂಶೋಧನಾ ಹಡಗು ಅಲ್ಲಿಗೆ ಹೋಗುವಷ್ಟರಲ್ಲಿ ಎರಡು ಜೂನ್ ಕಳೆದವು. ಕಳೆದ ಶರತ್ಕಾಲದಲ್ಲಿ ಅದು ಆರ್-41 ಎಂದೇ ಖಚಿತವಾಯಿತು.

ಈ ಜೂನ್‌ನಲ್ಲಿ ಗ್ಲೆನಿಸ್‌ರನ್ನು ನಾರ್ಬರ್ಟ್ ಕುರ್ಚಿಸಮೇತ ಎತ್ತಿ ತನ್ನ ಬೋಟಿಗೆ ಹತ್ತಿಸಿದ. ಹೂವಿನ ಚಕ್ರಕ್ಕೆ ರಿಬ್ಬನ್ ಇರಲಿಲ್ಲ, ಆ ಏಳು ತುಂಡು ಹುರಿಗಳನ್ನೇ ಗಂಟು ಹಾಕಿ ಒಲಿಂಡಾ ಅದನ್ನು ಕಟ್ಟಿಕೊಟ್ಟಿದ್ದರು. ತಾವು ಮಾತ್ರ ಧಕ್ಕೆಯಲ್ಲೇ ಉಳಿದರು. ಮರಳಿ ಬಂದ ಗ್ಲೆನಿಸ್ ಒಲಿಂಡಾರ ಬಗ್ಗಿದ ಬೆರಳುಗಳನ್ನು ಹಿಡಿದುಕೊಂಡು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ: "ಇಷ್ಟು ವರ್ಷ ಬೇರೆ ಯಾರದೋ ಮನೆ ಬಾಗಿಲಲ್ಲಿ ಹೂವಿಟ್ಟು ಬರ್ತಿದ್ದೆ. ಇವತ್ತು ನಮ್ಮಪ್ಪನ ಮನೆಗೆ ಹೋಗಿ ಬಂದೆ." ಮುಂದಿನ ಜೂನ್‌ಗೂ ಬರುವುದಾಗಿ, ಮೊಮ್ಮಗಳನ್ನೂ ಕರೆತರುವುದಾಗಿ ಹೇಳಿ ಬಸ್ಸು ಹತ್ತಿದರು.

ಆ ಜಾಗದ ಸುತ್ತ ಅರ್ಧ ಮೈಲಿ ಬಲೆ ಎಳೆಯಬಾರದೆಂದು ಹನ್ನೆರಡು ಬೋಟಿನವರೂ ಒಪ್ಪಿಕೊಂಡಿದ್ದಾರೆ. ಬರಹದಲ್ಲಿ ಏನೂ ಇಲ್ಲ. ಕಾವಲಿಗೆ ಇರುವುದು ಒಲಿಂಡಾರ ಎರಡು ಬೆರಳು. ಯಾವ ಬಲೆ ಬಂದರೂ ಮೊದಲು ಕೆಸರು ಉಜ್ಜಿ ನೋಡುವುದು ಅದಕ್ಕೇ.

ಈಗ ನಾವು ಶೆಡ್ಡಿನೊಳಗಿದ್ದೇವೆ, ಬಿಸಿಲೂ ಒಳಕ್ಕೆ ಬಂದಿದೆ. ಗೋಡೆಯಲ್ಲಿ ಒಂದು ಸಾಲಿನ ಏಳು ಮೊಳೆಗಳು ಖಾಲಿ. ಅಲ್ಲಿ ಬೇರೆ ಹುರಿ ನೇತುಹಾಕಬಹುದಲ್ಲ ಎಂದೆ. ಅವರು ಸೂಜಿ ಕೈಗೆತ್ತಿಕೊಂಡರು.

"ನಲವತ್ತೊಂದು ವರ್ಷ ಹರಿದಿದ್ದನ್ನ ಹೊಲಿದಿದ್ದೀನಿ," ಎಂದರು. "ಬಲೆ ಹರಿಯದ ಹಾಗೆ ನೋಡ್ಕೊಂಡಿದ್ದು ಅದೊಂದೇ ಜಾಗ. ಆ ಮೊಳೆಗಳು ಹಾಗೇ ಇರ್ಲಿ ಬಿಡಿ."