ಮಾವ ಹೊದ್ದ ಕಂಬಳಿ

ಆಗೆಲ್ಲ ದೊಡ್ಡ ರಜೆ ಸಿಕ್ಕಿದ ಮರುದಿನವೇ ಅಮ್ಮ ನನ್ನನ್ನು ಕರೆದುಕೊಂಡು ಶಿರಿಯದ ಅಜ್ಜಿಮನೆಗೆ ಹೊರಡುತ್ತಿದ್ದರು. ಅಂಗಳದಲ್ಲಿ ಒಣಹಾಕಿದ ಹಲಸಿನ ಹಪ್ಪಳವನ್ನು ಕಾಗೆಯಿಂದ ಕಾಯುವುದು, ಅದನ್ನೇ ಹಸಿಹಸಿ ಕದ್ದು ತಿನ್ನುವುದು, ಎರಡೂ ನನ್ನದೇ ಕೆಲಸ. ಮಲಗುವುದು ಅಜ್ಜಿಯ ಮಂಚದಲ್ಲಿ, ಅವರ ಹೊಟ್ಟೆಗೆ ಬೆನ್ನು ತಾಗಿಸಿ.

ಆ ವರ್ಷ ಅಮ್ಮನ ತಮ್ಮ ಸದಾಮಾವ ದುಬಾಯಿಯಿಂದ ರಜೆಯಲ್ಲಿ ಬಂದಿದ್ದರು. ಪೆಟ್ಟಿಗೆ ತೆರೆದದ್ದೇ ಸಾಬೂನು, ಸೆಂಟಿನ ವಾಸನೆ ಅಡುಗೆಮನೆಯವರೆಗೂ ಬಂತು. ಅಜ್ಜಿಗೆಂದು ತಂದ ಹೊಸ ಕಂಬಳಿಯನ್ನು ಅಜ್ಜಿ ಮುಟ್ಟಲೇ ಇಲ್ಲ.

"ಇದು ನಿನ್ನ ಅಕ್ಕನಿಗೆ ಕೊಡು. ನೀನು ಹೊದ್ದದ್ದು ಉಂಟಾ?"

"ಅದು ಹಳತಮ್ಮಾ, ಎಂತಕ್ಕೆ?"

"ನೀನು ಹೋದ ಮೇಲೆ ನನಗೆ ಬೇಕು ಮಗಾ."

ಟೇಪ್ ರೆಕಾರ್ಡರ್ ಒಡೆಯದಂತೆ ಸುತ್ತಿ ತಂದಿದ್ದ ಹುಲಿಚಿತ್ರದ ಹಳೆ ಕಂಬಳಿ ಹಾಗೆ ಅಜ್ಜಿಯ ಪಾಲಿಗೆ ಬಂತು. ಸೆಕೆಗೆ ಹೊದೆಯಲಾಗದೆ ಅದನ್ನು ಮಂಚದ ಮೇಲೆ ಹಾಸಿದರು.

ಮೊದಮೊದಲು ನನಗೆ ಏನೂ ಆಗಲಿಲ್ಲ. ಕೆಲವು ದಿನ ಕಳೆದ ಮೇಲೆ ಸೊಂಟದ ಬದಿಯಲ್ಲಿ ಕೆಂಪು ದದ್ದುಗಳು ಸಾಲಾಗಿ ಎದ್ದವು. ಕೆರೆದಷ್ಟೂ ಉಬ್ಬುತ್ತಿದ್ದವು, ಬಿಸಿಯಾಗುತ್ತಿದ್ದವು. ಕುಂಟೆಬಿಲ್ಲೆಯ ನಡುವೆಯೂ ನನ್ನ ಒಂದು ಕೈ ಅಲ್ಲೇ.

"ತಿಗಣೆಯಾ ಎಂತ?" ಎಂದರು ಅಮ್ಮ.

ಅಜ್ಜಿ ತಮ್ಮ ಎರಡೂ ಕೈ ಚಾಚಿ ತೋರಿಸಿದರು. "ತಿಗಣೆಯಾದರೆ ಜೊತೆಗೆ ಮಲಗುವ ನನ್ನನ್ನು ಬಿಡ್ತದಾ? ನೋಡು, ಒಂದು ಕಲೆ ಇಲ್ಲ. ಇದು ಸರ್ಪಸುತ್ತು."

ಸರ್ಪಸುತ್ತು ಸೊಂಟ ಬಳಸಿ ತಲೆ ಬಾಲ ಕೂಡಿದರೆ ಜೀವ ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅಜ್ಜಿ ಕೆಮ್ಮಣ್ಣು ಕಲಸಿ ಹಚ್ಚಿದರು. ಮೀನು ಬಂದ್. ಬೆಳಗ್ಗೆ ಎದ್ದ ಕೂಡಲೇ ನನ್ನನ್ನು ತಿರುಗಿಸಿ ನಿಲ್ಲಿಸಿ, ಬೆನ್ನಿನ ಕಡೆ ಉಳಿದ ಜಾಗವನ್ನು ಬೆರಳಿಟ್ಟು ಅಳೆಯುತ್ತಿದ್ದರು. "ಇನ್ನೂ ಉಂಟು ಪುಳ್ಳೀ, ಜಾಗ ಉಂಟು" ಎಂದು ಮತ್ತೊಮ್ಮೆ ಅಳೆಯುತ್ತಿದ್ದರು. ಹೆದರಿಕೆಗೆ ನನ್ನನ್ನು ಇನ್ನಷ್ಟು ಒತ್ತಿಕೊಂಡು ಅದೇ ಕಂಬಳಿಯ ಮೇಲೆ ಮಲಗಿಸಿದರು. ಬೆಳಗಾದರೆ ಹೊಸ ದದ್ದು.

ಗೆಳೆಯರ ಮನೆಗಳಿಗೆಂದು ತಿರುಗಾಟದಲ್ಲಿದ್ದ ಸದಾಮಾವ ಒಂದು ದಿನ ಬೆಳಗ್ಗೆ ಪಕ್ಕದ ಊರು ಬಂದ್ಯೋಡಿನಿಂದ ಬಂದವರು, ನಾನು ಅಳುವುದನ್ನು ಕೇಳಿ ಬಗ್ಗಿ ನೋಡಿದರು.

"ಯಾವ ಸರ್ಪ? ಇದು ಮೂಟ್ಟೆ, ತಿಗಣೆ!"

"ಮತ್ತೆ ನನಗೆ?" ಎಂದರು ಅಜ್ಜಿ.

"ನಿಮಗೂ ಕಚ್ಚಿರ್ತದಮ್ಮಾ, ಏಳುದಿಲ್ಲ ಅಷ್ಟೆ. ದುಬಾಯಿಯ ನಮ್ಮ ರೂಮಲ್ಲಿ ನನ್ನ ಮೈಯಿಡೀ ಹೀಗೇ ಏಳ್ತಿತ್ತು, ಕೆಳಗಿನ ಮಂಚದವನಿಗೆ ಎಂತದೂ ಇಲ್ಲ. ಅವನು ನಗಾಡುದು, ನಿನ್ನದು ರಾಜನ ಚರ್ಮ ಅಂತ."

ಮಾವ ನಗುತ್ತಲೇ ಕಂಬಳಿಯ ಅಂಚು ಮಡಿಸಿ ನೋಡಿದರು. ಹೊಲಿಗೆಯ ಉದ್ದಕ್ಕೂ ಕಪ್ಪು ಚುಕ್ಕೆಗಳು. ಅವರ ನಗು ನಿಂತಿತು.

ಅಜ್ಜಿ ಕಂಬಳಿಯನ್ನು ನೋಡಲಿಲ್ಲ, ಮಗನನ್ನು ನೋಡಿದರು. "ಏಸಿ ಉಂಟು, ಒಳ್ಳೆ ರೂಮು ಅಂತ ಬರೆದಿದ್ದಿ."

"ಏಸಿ ಉಂಟಮ್ಮಾ."

"ಎಷ್ಟು ವರ್ಷ ಹೀಗೆ ಮಲಗಿದಿ ಮಗಾ?"

"ಅಭ್ಯಾಸ ಆಗಿದೆ" ಎಂದು ಮಾವ ಕಂಬಳಿ ಎತ್ತಿಕೊಂಡು ಹಿತ್ತಿಲಿಗೆ ನಡೆದರು.

ಮಂಚಕ್ಕೆ ಅಮ್ಮ ಕುದಿಯುವ ನೀರು ಸುರಿದರು. ತೆಂಗಿನ ಬುಡದಲ್ಲಿ ಕಂಬಳಿ ಉರಿಯುವಾಗ ಕೂದಲು ಸುಟ್ಟ ವಾಸನೆ. ಅಜ್ಜಿ ಅದು ಬೂದಿಯಾಗುವವರೆಗೂ ಅಲ್ಲೇ ನಿಂತಿದ್ದರು. ನನ್ನ ದದ್ದುಗಳು ರಜೆ ಮುಗಿಯುವ ಮೊದಲೇ ಮಾಸಿದವು. ಮಾವ ಅದೇ ರೂಮಿಗೆ ವಾಪಸು ಹೋದರು. ಅವರು ಮುಂದಿನ ರಜೆಗೆ ಬರುವಷ್ಟರಲ್ಲಿ ಅಜ್ಜಿ ಇರಲಿಲ್ಲ. ಈಗ ಮಾವನೂ ಇಲ್ಲ.

ಮೊನ್ನೆ ಮದುವೆಗೆಂದು ಹೋಗಿ ಲಾಡ್ಜಿನಲ್ಲಿ ತಂಗಿ ಬಂದೆ. ಸೊಂಟದಲ್ಲಿ ಅದೇ ಸಾಲು ಎದ್ದಿದೆ. ಈಗ ಮುಲಾಮು ಸಿಗುತ್ತದೆ, ಸರ್ಪದ ಹೆದರಿಕೆಯೂ ಇಲ್ಲ. ಕನ್ನಡಿಯ ಮುಂದೆ ನಿಂತು ಹಚ್ಚಿಕೊಂಡೆ. ಬೆನ್ನಿನ ಕಡೆಗೆ ಕೈ ಎಟುಕಲಿಲ್ಲ. ಅಲ್ಲಿ ಬೆರಳಿಟ್ಟು, ಇನ್ನೂ ಜಾಗ ಉಂಟು ಎಂದು ಹೇಳುವವರು ಯಾರೂ ಉಳಿದಿಲ್ಲ.